ಫೈಲ್ ಬದಲಾಗಿದೆ, ಡೀಮನ್‌ಗೆ ಗೊತ್ತೇ ಇಲ್ಲ: ಟೈಮ್‌ಸ್ಟ್ಯಾಂಪ್ ತೊಂದರೆ ಹಿಡಿಯುವುದು ಹೇಗೆ

ಮಳೆಗಾಲದ ಒಂದು ಗುರುವಾರ ಬೆಳಿಗ್ಗೆ. ಡೊಂಬಿವಲಿಯಿಂದ ಠಾಣೆಗೆ ಹೋಗುವ ಸ್ಲೋ ಲೋಕಲ್‌ನಲ್ಲಿ ನಿಂತಿದ್ದೆ. ಐರೋಲಿಯ ಡೇಟಾ ಸೆಂಟರ್‌ನಲ್ಲಿ ರಾತ್ರಿ ಪಾಳಿಯಲ್ಲಿದ್ದ ಹುಡುಗನ ಫೋನ್ ಬಂತು. ಹುಬ್ಬಳ್ಳಿಯವನು, ನಮ್ಮ ತಂಡಕ್ಕೆ ಬಂದು ಆರು ತಿಂಗಳಾಗಿತ್ತು. ತೊಂದರೆ ಕ್ರಾನ್‌ನದು. ಅದು ಡೀಮನ್, ಅಂದರೆ ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಂ, ನಿಗದಿತ ಹೊತ್ತಿಗೆ ಕೆಲಸಗಳನ್ನು ಓಡಿಸುತ್ತದೆ. ಆ ಕೆಲಸಗಳ ಪಟ್ಟಿ ಇರುವ ಫೈಲೇ ಕ್ರಾನ್‌ಟ್ಯಾಬ್.

"ಅಕ್ಕಾರ, ಬ್ಯಾಕಪ್ ಮೂರು ರಾತ್ರಿಯಿಂದ ಆಗಿಲ್ರಿ. ಕ್ರಾನ್‌ಟ್ಯಾಬ್ ಒಳಗ ಎಲ್ಲಾ ಬರೋಬ್ಬರಿ ಐತ್ರಿ, ಈಗ ನೋಡೀನಿ. ಆದ್ರ ಓಡವಲ್ದು. ಕ್ರಾನ್ ರೀಸ್ಟಾರ್ಟ್ ಮಾಡ್ಲೇನ್ರಿ?"

"ಬೇಡಪ್ಪಾ, ತಡಿ. ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತೆ, ಆದರೆ ಯಾಕೆ ಕೆಟ್ಟಿತ್ತು ಅಂತ ಗೊತ್ತಾಗಲ್ಲ. ಆ ಫೈಲ್‌ಗೆ ಒಂದು ಸ್ಟ್ಯಾಟ್ ಹೊಡಿ, ಅದು ಇರುವ ಡೈರೆಕ್ಟರಿಗೆ ಇನ್ನೊಂದು ಹೊಡಿ. ಮಾಡಿಫೈ ಅಂತ ಇರೋ ಸಾಲು ಎರಡೂ ಓದು."

ಸ್ಟ್ಯಾಟ್ ಎಂದರೆ ಫೈಲ್‌ನ ಸಮಯಗಳನ್ನು ತೋರಿಸುವ ಕಮಾಂಡ್. ಅವನು ಓದಿದ. ಫೈಲ್‌ನದು ಸೋಮವಾರ ಸಂಜೆ 4.12. ಡೈರೆಕ್ಟರಿಯದು ಮಾರ್ಚ್ ತಿಂಗಳಿನದು. ಆಮೇಲೆ ಸಿಸ್‌ಲಾಗ್ (ಸರ್ವರ್‌ನ ದಿನಚರಿ) ನೋಡು ಎಂದೆ. ರಾತ್ರಿ 2.30ಕ್ಕೆ ಕ್ರಾನ್ ಕೆಲಸ ಶುರುಮಾಡಿದ ಸಾಲು ಮೂರೂ ರಾತ್ರಿ ಇತ್ತು, ಆದರೆ ಅದರಲ್ಲಿದ್ದ ಸ್ಕ್ರಿಪ್ಟ್‌ನ ಪಾತ್ ಹಳೆಯದು. ಸೋಮವಾರ ಆ ಸ್ಕ್ರಿಪ್ಟನ್ನು ಬೇರೆ ಡೈರೆಕ್ಟರಿಗೆ ಸರಿಸಿದ್ದೆವು, ಕ್ರಾನ್‌ಟ್ಯಾಬ್‌ನಲ್ಲಿ ಹೊಸ ಪಾತ್ ಹಾಕಿದ್ದೆವು. ಫೈಲ್‌ನಲ್ಲಿ ಹೊಸದು, ಕ್ರಾನ್‌ನ ಮೆಮೊರಿಯಲ್ಲಿ ಹಳೆಯದು. ಅದು ಪ್ರತಿ ರಾತ್ರಿ ಇಲ್ಲದ ಸ್ಕ್ರಿಪ್ಟನ್ನು ಕರೆಯುತ್ತಿತ್ತು. ದೂರು ಹೇಳುವ ಮೇಲ್ ರೂಟ್‌ನ ಡಬ್ಬಿಗೆ ಬೀಳುತ್ತಿತ್ತು, ಅದನ್ನು ಯಾರೂ ತೆರೆಯುತ್ತಿರಲಿಲ್ಲ.

ಡೈರೆಕ್ಟರಿಗೆ ಒಂದು ಟಚ್ ಕೊಡು ಎಂದೆ, ಬದಲಾದ ಸಮಯವನ್ನು ಈಗಿನದಾಗಿಸುವ ಕಮಾಂಡ್ ಅದು. ಟ್ರೈನು ಮುಂಬ್ರಾ ದಾಟುವಷ್ಟರಲ್ಲಿ ಲಾಗ್‌ನಲ್ಲಿ ರಿಲೋಡ್ ಸಾಲು ಬಂತು. ಅವತ್ತೇ ಅವನಿಗಾಗಿ ಬರೆದ ಟಿಪ್ಪಣಿ ಇದು. ಸರ್ವರ್‌ಗಳ ಕಾನ್ಫಿಗ್ ಫೈಲ್‌ಗಳನ್ನು ತಾನಾಗಿ ಬರೆಯುವ ಟೂಲ್ ನಿಮ್ಮಲ್ಲಿ ಆನ್ಸಿಬಲ್, ಪಪೆಟ್, ಸಾಲ್ಟ್, ಸಿಎಫ್‌ಎಂಜಿನ್ ಯಾವುದೇ ಇರಲಿ, ಅಥವಾ ನೀವೇ ಬರೆದ ಶೆಲ್ ಸ್ಕ್ರಿಪ್ಟೇ ಇರಲಿ, ಇದು ಉಪಯೋಗಕ್ಕೆ ಬರುತ್ತದೆ.

ಮೊದಲು: ಯಾವ ಗಡಿಯಾರ ನೋಡಬೇಕು

ಲಿನಕ್ಸ್‌ನಲ್ಲಿ ಒಂದು ಫೈಲ್‌ಗೆ ಮುಖ್ಯವಾಗಿ ಮೂರು ಸಮಯ ಇರುತ್ತವೆ. ಎಂಟೈಮ್ ಎಂದರೆ ಒಳಗಿನ ಬರಹ ಕೊನೆಗೆ ಬದಲಾದ ಹೊತ್ತು. ಎಟೈಮ್ ಎಂದರೆ ಕೊನೆಗೆ ಓದಿದ ಹೊತ್ತು. 2009ರ ಕರ್ನಲ್ 2.6.30ರಿಂದ ರೆಲಟೈಮ್ ಡಿಫಾಲ್ಟ್ ಆಗಿದೆ, ಓದಿದಾಗಲೆಲ್ಲ ಎಟೈಮ್ ಬರೆಯುವುದಿಲ್ಲ, ಆದ್ದರಿಂದ ಅದನ್ನು ನಂಬಿ ಏನೂ ಮಾಡಬೇಡಿ. ಸಿಟೈಮ್ ಎಂದರೆ ಐನೋಡ್ (ಡಿಸ್ಕ್‌ನಲ್ಲಿ ಫೈಲ್‌ನ ವಿವರ ಇಡುವ ದಾಖಲೆ) ಬದಲಾದ ಹೊತ್ತು: ಬರಹ, ಮಾಲೀಕ, ಪರ್ಮಿಷನ್, ಎಂಟೈಮ್, ಯಾವುದು ಬದಲಾದರೂ ಸಿಟೈಮ್ ಮುಂದೆ ಹೋಗುತ್ತದೆ. ಸಿ ಎಂದರೆ ಕ್ರಿಯೇಷನ್ ಅಲ್ಲ, ಇದನ್ನು ತುಂಬಾ ಜನ ತಪ್ಪು ತಿಳಿದಿರುತ್ತಾರೆ.

ಇವುಗಳಲ್ಲಿ ನೆನಪಿಡಬೇಕಾದ ವ್ಯತ್ಯಾಸ ಒಂದೇ. ಎಂಟೈಮನ್ನು ಯಾರು ಬೇಕಾದರೂ ಹಿಂದೆ ಮುಂದೆ ಮಾಡಬಹುದು, ಟಚ್ ಮಾಡಬಲ್ಲದು, ಫೈಲ್ ನಕಲಿಸುವ ಆರ್‌ಸಿಂಕ್ ಮಾಡಬಲ್ಲದು, ಫೈಲ್‌ಗಳನ್ನು ಒಂದು ಕಟ್ಟಾಗಿಸುವ ಟಾರ್ ಮಾಡಬಲ್ಲದು. ಸಿಟೈಮನ್ನು ಹಾಗೆ ಬೇಕಾದ ತಾರೀಖಿಗೆ ಕೂರಿಸಲು ಯಾವ ಕಮಾಂಡೂ ಇಲ್ಲ, ಅದನ್ನು ಕರ್ನಲ್ಲೇ ಬರೆಯುತ್ತದೆ. ಹಾಗಾಗಿ ಈ ಸರ್ವರ್‌ಗೆ ಈ ಫೈಲ್ ನಿಜವಾಗಿ ಯಾವಾಗ ಬಂತು ಅಂತ ನಿಮಗೆ ಬೇಕಾದರೆ ಸಿಟೈಮ್ ನೋಡಿ. ಡೀಮನ್‌ಗಳು ಮಾತ್ರ ಸಾಮಾನ್ಯವಾಗಿ ಎಂಟೈಮನ್ನೇ ನೋಡುತ್ತವೆ. ತೊಂದರೆ ಹುಟ್ಟುವುದೇ ಅಲ್ಲಿ.

ಡೈರೆಕ್ಟರಿಗೂ ಎಂಟೈಮ್ ಇದೆ, ಅದರ ಅರ್ಥ ಬೇರೆ

ಮುಂಬಯಿಯ ಹೌಸಿಂಗ್ ಸೊಸೈಟಿಯಲ್ಲಿ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಗೇಟಿನಲ್ಲಿ ವಾಚ್‌ಮನ್ ಹತ್ತಿರ ಒಂದು ರಿಜಿಸ್ಟರ್ ಇರುತ್ತೆ ಅಲ್ವಾ? ಬಾಡಿಗೆದಾರರು ಹೋದರು, ಹೊಸಬರು ಬಂದರು, ಅದನ್ನು ಬರೆದುಕೊಳ್ಳುತ್ತಾನೆ. ಮೂರನೇ ಮಹಡಿಯವರು ಬಾಗಿಲು ಹಾಕಿಕೊಂಡು ಒಳಗಿನ ಗೋಡೆಗೆಲ್ಲ ಬೇರೆ ಬಣ್ಣ ಬಳಿದುಕೊಂಡರೆ ರಿಜಿಸ್ಟರ್‌ನಲ್ಲಿ ಒಂದು ಗೆರೆಯೂ ಬೀಳುವುದಿಲ್ಲ.

ಡೈರೆಕ್ಟರಿಯ ಎಂಟೈಮ್ ಆ ರಿಜಿಸ್ಟರ್. ಹೊಸ ಹೆಸರು ಸೇರಿದಾಗ, ಹೆಸರು ಅಳಿಸಿದಾಗ, ರಿನೇಮ್ ಆದಾಗ ಅದು ಬದಲಾಗುತ್ತದೆ. ಇರುವ ಫೈಲ್‌ನ ಒಳಗೇ ಬರೆದರೆ ಬದಲಾಗುವುದಿಲ್ಲ.

ಈಗ ನಮ್ಮ ಟೂಲ್ ಏನು ಮಾಡಿತು ಅಂತ ನೋಡಿ. ಯಾರೋ ಅವಸರದಲ್ಲಿ ಬರೆದ ಒಂದು ಟಾಸ್ಕ್, ಸುಮ್ನೆ ಸಿಪಿ ಕಮಾಂಡ್‌ನಿಂದ ಹೊಸ ಕ್ರಾನ್‌ಟ್ಯಾಬನ್ನು ಹಳೆಯದರ ಮೇಲೆ ಹೊಯ್ದಿತ್ತು. ಸಿಪಿ ಇರುವ ಫೈಲನ್ನೇ ತೆರೆದು ಖಾಲಿ ಮಾಡಿ ಒಳಗೆ ಬರೆಯುತ್ತದೆ. ಐನೋಡ್ ಅದೇ, ಹೆಸರು ಅದೇ, ರಿಜಿಸ್ಟರ್‌ನಲ್ಲಿ ಗೆರೆ ಇಲ್ಲ. ಅದೇ ಕೆಲಸವನ್ನು ಬರಹ ತಿದ್ದುವ ಸೆಡ್ -ಐ ಕಮಾಂಡ್ ಮಾಡಿದ್ದರೆ ಕ್ರಾನ್‌ಗೆ ತಿಳಿದುಬಿಡುತ್ತಿತ್ತು, ಯಾಕೆಂದರೆ ಸೆಡ್ ಒಂದು ತಾತ್ಕಾಲಿಕ ಫೈಲ್ ಬರೆದು ರಿನೇಮ್ ಮಾಡುತ್ತದೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ತರಹ ಕಾಣುತ್ತವೆ. ಕ್ರಾನ್‌ಟ್ಯಾಬ್ -ಎಲ್ ಕೊಟ್ಟರೂ ಸರಿಯಾಗಿಯೇ ತೋರಿಸುತ್ತದೆ. ಅದು ಓದುವುದು ಡಿಸ್ಕ್‌ನಲ್ಲಿರುವ ಫೈಲನ್ನು, ಕ್ರಾನ್‌ನ ತಲೆಯೊಳಗೆ ಇರುವುದನ್ನಲ್ಲ. ನಮ್ಮ ಹುಡುಗ 'ಬರೋಬ್ಬರಿ ಐತ್ರಿ' ಅಂದಿದ್ದು ಇದನ್ನು ನೋಡಿಯೇ. ಅವನ ತಪ್ಪೇನೂ ಇಲ್ಲ.

ಹೆಜ್ಜೆ 1: ನಿಮ್ಮ ಡೀಮನ್ ಕೇಳುವ ಪ್ರಶ್ನೆ ಯಾವುದು ಅಂತ ತಿಳಿದುಕೊಳ್ಳಿ

ನನ್ನ ಪ್ರಕಾರ ಇಡೀ ವಿಷಯದಲ್ಲಿ ಇದೇ ಮುಖ್ಯ. 'ಫೈಲ್ ಬದಲಾಯಿತಾ?' ಅಂತ ಎಲ್ಲ ಡೀಮನ್‌ಗಳೂ ಒಂದೇ ರೀತಿ ಕೇಳುವುದಿಲ್ಲ. ಒಂದು 'ಎಂಟೈಮ್ ನನ್ನ ನೆನಪಿನಲ್ಲಿ ಇರುವುದಕ್ಕಿಂತ ಬೇರೆ ಇದೆಯಾ' ಅಂತ ಕೇಳುತ್ತದೆ, ಇನ್ನೊಂದು 'ಅದಕ್ಕಿಂತ ಹೊಸದಾ' ಅಂತ ಕೇಳುತ್ತದೆ, ಮತ್ತೊಂದು ಎರಡು ಫೈಲ್‌ಗಳನ್ನು ಒಂದಕ್ಕೊಂದು ಹೋಲಿಸುತ್ತದೆ. ಬೇರೆ ಮತ್ತು ಹೊಸದು, ಈ ಎರಡರ ನಡುವಿನ ಸಂದಿಯಲ್ಲೇ ನಮ್ಮ ಬದಲಾವಣೆ ಕಳೆದುಹೋಗುತ್ತದೆ.

ಕ್ರಾನ್‌ನಿಂದ ಶುರುಮಾಡೋಣ. ಪಾಲ್ ವಿಕ್ಸಿ ತಮ್ಮ ವಿಕ್ಸಿ ಕ್ರಾನ್‌ನ ಮೊದಲ ಆವೃತ್ತಿ ಬರೆದದ್ದು 1987ರಲ್ಲಿ, ಮೂರನೆಯದು ಬಂದದ್ದು 1993ರಲ್ಲಿ. ಡೆಬಿಯನ್‌ನ ಕ್ರಾನ್ ಪ್ಯಾಕೇಜ್‌ನ ನಂಬರ್‌ನಲ್ಲಿ ಆ 3.0 ಇವತ್ತಿಗೂ ಕಾಣುತ್ತದೆ. ಅದೇ 1993ರಲ್ಲಿ ಓಸ್ಲೋದಲ್ಲಿ ಮಾರ್ಕ್ ಬರ್ಜೆಸ್ ಸಿಎಫ್‌ಎಂಜಿನ್ ಶುರುಮಾಡಿದರು. ಅಂದರೆ ಕ್ರಾನ್‌ನ ಈ ಲೆಕ್ಕ ಹುಟ್ಟಿದಾಗ, ಮನುಷ್ಯರಲ್ಲದ ಒಂದು ಪ್ರೋಗ್ರಾಂ ಬಂದು ಅರ್ಧ ಗಂಟೆಗೊಮ್ಮೆ ಫೈಲ್‌ಗಳನ್ನು ತಿದ್ದುತ್ತದೆ ಅನ್ನುವ ಯೋಚನೆಯೇ ಹೊಸದು. ಕ್ರಾನ್ ನಿಮಿಷಕ್ಕೊಮ್ಮೆ ಎದ್ದು ಬಳಕೆದಾರರ ಕ್ರಾನ್‌ಟ್ಯಾಬ್‌ಗಳು ಇರುವ ಸ್ಪೂಲ್ ಡೈರೆಕ್ಟರಿಯ ಎಂಟೈಮ್ ಮತ್ತು /ಇಟಿಸಿ/ಕ್ರಾನ್‌ಟ್ಯಾಬ್‌ನ ಎಂಟೈಮ್ ನೋಡುತ್ತದೆ. ಅಲ್ಲಿ ಏನೂ ಬದಲಾಗಿಲ್ಲ ಅಂದರೆ ಒಳಗಿನ ಫೈಲ್‌ಗಳ ಕಡೆ ಕಣ್ಣು ಹಾಕುವುದೇ ಇಲ್ಲ. ಬದಲಾಗಿದ್ದರೆ ಒಳಗೆ ಹೋಗಿ ಒಂದೊಂದು ಫೈಲ್‌ನ ಎಂಟೈಮನ್ನೂ ತನ್ನ ನೆನಪಿನ ಜೊತೆ ಹೋಲಿಸುತ್ತದೆ. ಬೇರೆ ಇದ್ದರೆ ಮಾತ್ರ ಓದುತ್ತದೆ. ಅಂದರೆ ಎರಡು ಬಾಗಿಲು. ಎರಡೂ ತೆರೆಯಬೇಕು.

ಮೂಲ ವಿಕ್ಸಿ ಕೋಡ್‌ನಲ್ಲಿ ಇನ್ನೂ ಒಂದು ಸಣ್ಣ ವಿಷಯ ಇದೆ. ಸ್ಪೂಲ್ ಡೈರೆಕ್ಟರಿ, /ಇಟಿಸಿ/ಕ್ರಾನ್‌ಟ್ಯಾಬ್, ಎರಡರ ಎಂಟೈಮ್‌ಗಳಲ್ಲಿ ಯಾವುದು ದೊಡ್ಡದೋ ಅದನ್ನಷ್ಟೇ ಅದು ನೆನಪಿಟ್ಟುಕೊಳ್ಳುತ್ತದೆ. ಈಗ /ಇಟಿಸಿ/ಕ್ರಾನ್‌ಟ್ಯಾಬ್‌ಗೆ ಯಾವುದೋ ಕಾರಣಕ್ಕೆ ನಾಳೆಯ ತಾರೀಖು ಬಿದ್ದಿದೆ ಅಂದುಕೊಳ್ಳಿ. ಇವತ್ತು ನೀವು ಸ್ಪೂಲ್ ಡೈರೆಕ್ಟರಿಯಲ್ಲಿ ಎಷ್ಟು ಸಲ ಬದಲಾಯಿಸಿದರೂ ದೊಡ್ಡದು ನಾಳೆಯದೇ ಆಗಿರುತ್ತದೆ, ಕ್ರಾನ್‌ಗೆ ಏನೂ ಬದಲಾದಂತೆ ಕಾಣುವುದಿಲ್ಲ. ಮೇಲಾಗಿ ಇದು ಸೆಕೆಂಡಿನ ಲೆಕ್ಕದಲ್ಲಿ ಹೋಲಿಸುತ್ತದೆ. ಟೂಲ್ ಒಂದೇ ಸೆಕೆಂಡಿನಲ್ಲಿ ಎರಡು ಸಲ ಬರೆದು, ನಡುವೆ ಕ್ರಾನ್ ಬಂದು ಓದಿ ಹೋದರೆ, ಎರಡನೆಯ ಬರಹ ಕಾಣದೆ ಉಳಿಯಬಹುದು. ಫೆಡೋರಾ, ರೆಡ್ ಹ್ಯಾಟ್ ಕಡೆಯ ಕ್ರಾನ್ ಆದ ಕ್ರೋನಿ (cronie), ಫೈಲ್ ಬದಲಾದ ತಕ್ಷಣ ಕರ್ನಲ್ ಸುದ್ದಿ ಕೊಡುವ ಇನೋಟಿಫೈ ಬಳಸುವುದರಿಂದ ಅಲ್ಲಿ ಇಷ್ಟು ಕಷ್ಟ ಇಲ್ಲ. ಹಾಗಾಗಿಯೇ 'ಅಲ್ಲಿ ಸರಿಯಿದೆ, ಇಲ್ಲಿ ಮಾತ್ರ ಯಾಕೆ ಹೀಗೆ' ಅನ್ನುವ ಗೊಂದಲ ಆಗುವುದು.

ಕ್ರಾನ್‌ಗೆ ಸರಿಯಾದ ದಾರಿ ಎರಡೇ. ಬಳಕೆದಾರರ ಕ್ರಾನ್‌ಟ್ಯಾಬನ್ನು ಯಾವಾಗಲೂ ಕ್ರಾನ್‌ಟ್ಯಾಬ್ ಕಮಾಂಡ್ ಮೂಲಕವೇ ಹಾಕಿ, ಅದು ಸ್ಪೂಲ್ ಡೈರೆಕ್ಟರಿಯ ಎಂಟೈಮನ್ನು ತಾನೇ ಮುಂದೆ ಮಾಡುತ್ತದೆ. ಇಲ್ಲವಾದರೆ /ಇಟಿಸಿ/ಕ್ರಾನ್.ಡಿ ಒಳಗೆ ಬೇರೆ ಫೈಲ್ ಇಡಿ. ಅಲ್ಲಿ ಇಡುವಾಗ ಮಾಲೀಕ ರೂಟ್ ಆಗಿರಲಿ, ಬೇರೆಯವರಿಗೆ ಬರೆಯುವ ಪರ್ಮಿಷನ್ ಬೇಡ, ಮತ್ತು ಡೆಬಿಯನ್‌ನಲ್ಲಿ ಫೈಲ್ ಹೆಸರಿನಲ್ಲಿ ಚುಕ್ಕಿ ಇರಬಾರದು. ಚುಕ್ಕಿ ಇದ್ದರೆ ಕ್ರಾನ್ ಆ ಫೈಲನ್ನು ಬಿಟ್ಟುಬಿಡುತ್ತದೆ. ಟೈಮ್‌ಸ್ಟ್ಯಾಂಪ್ ಅಂತ ಅರ್ಧ ದಿನ ಹುಡುಕಿ ಕೊನೆಗೆ ಚುಕ್ಕಿ ಸಿಕ್ಕಿದ್ದನ್ನು ಎರಡು ಸಲ ನೋಡಿದ್ದೇನೆ.

ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್ಎಸ್ ಸರ್ವರ್ ಬೈಂಡ್ ಕೇಳುವ ಪ್ರಶ್ನೆ ಬೇರೆ. ಆರ್‌ಎನ್‌ಡಿಸಿ ಕಮಾಂಡ್‌ನಿಂದ ರಿಲೋಡ್ ಕೊಟ್ಟಾಗ ಅದು ಜೋನ್ ಫೈಲ್‌ನ (ಹೆಸರುಗಳ ಪಟ್ಟಿಯ) ಎಂಟೈಮ್ ತಾನು ಕೊನೆಗೆ ಲೋಡ್ ಮಾಡಿದ ಫೈಲ್‌ನ ಎಂಟೈಮ್‌ಗಿಂತ ಹೊಸದಾ ಅಂತ ನೋಡುತ್ತದೆ. ಹಳೆಯದಾದರೆ ಓದುವುದೇ ಇಲ್ಲ. ಇದು ಹೇಗೆ ಕೆಡುತ್ತದೆ ನೋಡಿ. ಹತ್ತು ಗಂಟೆಗೆ ನಿಮ್ಮ ಕಂಟ್ರೋಲ್ ಮಷೀನ್‌ನಲ್ಲಿ ಜೋನ್ ಫೈಲ್ ತಿದ್ದುತ್ತೀರಿ. ಹನ್ನೊಂದಕ್ಕೆ ಯಾರೋ ಡಿಎನ್ಎಸ್ ಸರ್ವರ್‌ನಲ್ಲೇ ಆ ಫೈಲನ್ನು ಕೈಯಿಂದ ತಿದ್ದಿ ರಿಲೋಡ್ ಮಾಡುತ್ತಾರೆ. ಹನ್ನೊಂದೂವರೆಗೆ ನಿಮ್ಮ ಟೂಲ್ ಆರ್‌ಸಿಂಕ್ -ಎ ಮೂಲಕ ಫೈಲ್ ತಳ್ಳುತ್ತದೆ, -ಎ ಇರುವುದರಿಂದ ಎಂಟೈಮ್ ಹತ್ತು ಗಂಟೆಯದೇ ಉಳಿಯುತ್ತದೆ. ಆಮೇಲೆ ರಿಲೋಡ್. ಬೈಂಡ್‌ಗೆ ಈ ಫೈಲ್ ತಾನು ಕೊನೆಗೆ ಲೋಡ್ ಮಾಡಿದ ಫೈಲ್‌ಗಿಂತ ಹಳೆಯದು. ಜೋನ್ ಈಗಾಗಲೇ ಸರಿಯಾಗಿದೆ ಅಂತ ಉತ್ತರ ಕೊಟ್ಟು ಸುಮ್ಮನಾಗುತ್ತದೆ, ಎರರ್ ಕೊಡುವುದಿಲ್ಲ. ಟೂಲ್ ಹಸಿರು ತೋರಿಸುತ್ತದೆ. ಹೊಸ ಹೆಸರು ರಿಸಾಲ್ವ್ ಆಗುವುದಿಲ್ಲ. ಇಲ್ಲಿ ಪರಿಹಾರ ಸುಲಭ: ಜೋನ್ ಫೈಲ್‌ಗಳಿಗೆ ಆರ್‌ಸಿಂಕ್‌ನಲ್ಲಿ ಸಮಯ ಉಳಿಸಿಕೊಳ್ಳುವುದನ್ನು ನಿಲ್ಲಿಸಿ, ಅಥವಾ ಫೈಲ್ ಬದಲಾದಾಗ ಮಾತ್ರ ಒಂದು ಟಚ್ ಕೊಟ್ಟು ರಿಲೋಡ್ ಮಾಡಿ. ಸೀರಿಯಲ್ ನಂಬರ್ ಹೆಚ್ಚಿಸುವುದು ಬೇರೆ ಕೆಲಸ, ಅದು ಸೆಕೆಂಡರಿ ಸರ್ವರ್‌ಗಳಿಗೆ. ಅದನ್ನು ಮಾಡಿದ ಮಾತ್ರಕ್ಕೆ ಇದು ಸರಿಹೋಗುವುದಿಲ್ಲ.

ಸರ್ವಿಸ್‌ಗಳನ್ನು ಎಬ್ಬಿಸಿ ನಿಲ್ಲಿಸುವ ಸಿಸ್ಟಮ್‌ಡಿ ಕೂಡ ಹೊಸದಾ ಅಂತಲೇ ಕೇಳುತ್ತದೆ. ಯೂನಿಟ್ ಫೈಲ್ (ಒಂದು ಸರ್ವಿಸ್ ಹೇಗೆ ಓಡಬೇಕು ಅನ್ನುವ ವಿವರ) ಲೋಡ್ ಮಾಡಿದಾಗ ಅದರ ಎಂಟೈಮ್ ಬರೆದಿಟ್ಟುಕೊಳ್ಳುತ್ತದೆ. ಡಿಸ್ಕ್‌ನಲ್ಲಿರುವುದು ಅದಕ್ಕಿಂತ ಹೊಸದಾದರೆ 'ಯೂನಿಟ್ ಬದಲಾಗಿದೆ, ಡೀಮನ್-ರಿಲೋಡ್ ಮಾಡಿ' ಅನ್ನುವ ಆ ಪರಿಚಿತ ಎಚ್ಚರಿಕೆ ಬರುತ್ತದೆ. ಸಿಸ್ಟಮ್‌ಸಿಟಿಎಲ್ ಶೋ ಕೊಟ್ಟು ನೀಡ್‌ಡೀಮನ್‌ರಿಲೋಡ್ ಅನ್ನುವ ಪ್ರಾಪರ್ಟಿ ನೋಡಿದರೆ ಎಸ್ ಅಥವಾ ನೋ ಸಿಗುತ್ತದೆ. ಪಪೆಟ್ 6.1ರಿಂದ ಇದನ್ನೇ ನೋಡಿ ತಾನಾಗಿ ಡೀಮನ್-ರಿಲೋಡ್ ಮಾಡುತ್ತದೆ, ಅದು ಒಳ್ಳೆಯದೇ. ಆದರೆ ಹಿಂದಿನ ಆವೃತ್ತಿಗೆ ಮರಳುವಾಗ ನೋಡಿ. ಮೊನ್ನೆಯ ಟಾರ್‌ನಿಂದ ಹಳೆಯ ಯೂನಿಟ್ ಫೈಲ್ ತೆಗೆದು ಹಾಕಿದಿರಿ, ಟಾರ್ ಅದರ ಹಳೆಯ ಎಂಟೈಮನ್ನೂ ತಂದಿತು. ಬರಹ ಬೇರೆ, ಎಂಟೈಮ್ ಹಳೆಯದು. ಉತ್ತರ ನೋ. ಡೀಮನ್-ರಿಲೋಡ್ ಆಗಲಿಲ್ಲ. ಸರ್ವಿಸ್ ರೀಸ್ಟಾರ್ಟ್ ಆಯಿತು, ಆದರೆ ಮೆಮೊರಿಯಲ್ಲಿರುವ ಕೆಟ್ಟ ಯೂನಿಟ್‌ನಿಂದಲೇ ಎದ್ದಿತು. ರೋಲ್‌ಬ್ಯಾಕ್ ಮಾಡಿದ್ದೇವೆ ಅಂತ ನೀವು ನಂಬಿರುತ್ತೀರಿ, ಅದೂ ಏನೋ ಕೆಟ್ಟು ಕೈಕಾಲು ಬಿಟ್ಟಿರುವ ಹೊತ್ತಿನಲ್ಲಿ. ಹಾಗಾಗಿ ಯೂನಿಟ್ ಫೈಲ್ ಬರೆಯುವ ಟಾಸ್ಕ್ ಬದಲಾವಣೆ ಹೇಳಿದರೆ ಡೀಮನ್-ರಿಲೋಡ್ ಅನ್ನು ನೀವೇ ಕರೆಯಿರಿ. ಅದು ಹೆಚ್ಚು ಖರ್ಚಿನ ಕೆಲಸ ಅಲ್ಲ.

ಮೇಲ್ ಸರ್ವರ್ ಪೋಸ್ಟ್‌ಫಿಕ್ಸ್ ಎರಡು ಫೈಲ್ ಹೋಲಿಸುವ ಜಾತಿ. ಟ್ರಾನ್ಸ್‌ಪೋರ್ಟ್ ಅನ್ನುವ ಮೂಲ ಫೈಲ್, ಪೋಸ್ಟ್‌ಮ್ಯಾಪ್‌ನಿಂದ ತಯಾರಾದ ಅದರ ಡಿಬಿ ಫೈಲ್. ಮೂಲ ಹೊಸದಾಗಿದ್ದರೆ 'ಡೇಟಾಬೇಸ್ ಮೂಲ ಫೈಲ್‌ಗಿಂತ ಹಳೆಯದು' ಅಂತ ಲಾಗ್‌ನಲ್ಲಿ ಎಚ್ಚರಿಸುತ್ತದೆ, ಆದರೆ ಬಳಸುವುದು ಹಳೆಯ ಡಿಬಿಯನ್ನೇ. ಮೂಲ ಫೈಲನ್ನು ಮಾತ್ರ ಕಳಿಸಿ, ಡಿಬಿಯನ್ನು ಆ ಸರ್ವರ್‌ನಲ್ಲೇ ಪೋಸ್ಟ್‌ಮ್ಯಾಪ್‌ನಿಂದ ಮಾಡಿಸಿ. ಎರಡನ್ನೂ ರೆಪೊದಲ್ಲಿಟ್ಟು ಕಳಿಸಬೇಡಿ. ಗಿಟ್ ಎಂಟೈಮ್ ಉಳಿಸುವುದಿಲ್ಲ, ಚೆಕೌಟ್ ಆದ ಹೊತ್ತನ್ನೇ ಹಾಕುತ್ತದೆ, ಯಾವುದು ಮೊದಲು ಬರೆಯಲ್ಪಟ್ಟಿತೋ ಅದು ಹಳೆಯದಾಗುತ್ತದೆ.

ಹೆಜ್ಜೆ 2: ನಿಮ್ಮ ಟೂಲ್ ಫೈಲನ್ನು ಹೇಗೆ ಬರೆಯುತ್ತದೆ ಅಂತ ಕಣ್ಣಾರೆ ನೋಡಿ

ಡಾಕ್ಯುಮೆಂಟೇಷನ್ ಓದುವುದಕ್ಕಿಂತ ಇದನ್ನು ಮಾಡಿ ನೋಡುವುದು ಬೇಗ. ಒಂದು ಟೆಸ್ಟ್ ವಿಎಂ (ವರ್ಚುವಲ್ ಮಷೀನ್) ತಗೊಳ್ಳಿ. ಫೈಲ್‌ನ ಐನೋಡ್ ನಂಬರ್, ಎಂಟೈಮ್, ಸಿಟೈಮ್ ಮತ್ತು ಡೈರೆಕ್ಟರಿಯ ಎಂಟೈಮ್ ನಾಲ್ಕನ್ನೂ ಸ್ಟ್ಯಾಟ್‌ನಿಂದ ಬರೆದಿಟ್ಟುಕೊಳ್ಳಿ. ಟೂಲ್ ಓಡಿಸಿ. ಮತ್ತೆ ನಾಲ್ಕನ್ನೂ ನೋಡಿ.

ಐನೋಡ್ ಬದಲಾಗಿದ್ದರೆ ಟೂಲ್ ತಾತ್ಕಾಲಿಕ ಫೈಲ್ ಬರೆದು ರಿನೇಮ್ ಮಾಡಿದೆ. ಡೈರೆಕ್ಟರಿಯ ಎಂಟೈಮ್ ಕೂಡ ಮುಂದೆ ಹೋಗಿರುತ್ತದೆ. ಇದೇ ಒಳ್ಳೆಯ ವಿಧಾನ, ಡೀಮನ್ ಯಾವತ್ತೂ ಅರ್ಧ ಬರೆದ ಫೈಲ್ ಓದುವುದಿಲ್ಲ. ಆನ್ಸಿಬಲ್‌ನ ಕಾಪಿ, ಟೆಂಪ್ಲೇಟ್ ಎರಡೂ ಸಾಮಾನ್ಯವಾಗಿ ಹೀಗೆ. ಒಂದು ಎಚ್ಚರ: ಎಂಟೈಮ್ ತಾತ್ಕಾಲಿಕ ಫೈಲ್ ಬರೆದ ಹೊತ್ತಿನದು, ರಿನೇಮ್ ಆದ ಹೊತ್ತಿನದಲ್ಲ. ನಿಧಾನದ ಲಿಂಕ್‌ನಲ್ಲಿ ಎರಡರ ನಡುವೆ ಕೆಲವು ಸೆಕೆಂಡ್ ಇರಬಹುದು. ಇನ್ನೊಂದು: ಒಂದೇ ಫೈಲ್ ಮೇಲೆ ಇನೋಟಿಫೈ ಕಾವಲು ಇಟ್ಟ ಡೀಮನ್ ಹಳೆಯ ಐನೋಡನ್ನೇ ಕಾಯುತ್ತಾ ಕೂತುಬಿಡುತ್ತದೆ, ನಿಮ್ಮದೇ ಸ್ಕ್ರಿಪ್ಟ್ ಬರೆಯುತ್ತಿದ್ದರೆ ಡೈರೆಕ್ಟರಿಯ ಮೇಲೆ ಕಾವಲು ಇಡಿ.

ಐನೋಡ್ ಅದೇ ಇದ್ದರೆ ಜಾಗದಲ್ಲೇ ಬರೆದಿದೆ. ಸಿಪಿ, ಶೆಲ್‌ನ ರೀಡೈರೆಕ್ಷನ್, ಆರ್‌ಸಿಂಕ್‌ನ ಇನ್‌ಪ್ಲೇಸ್, ಆನ್ಸಿಬಲ್‌ನ ಅನ್‌ಸೇಫ್ ರೈಟ್ಸ್, ಎಲ್ಲ ಈ ಗುಂಪು. ಡೈರೆಕ್ಟರಿ ನೋಡುವ ಡೀಮನ್‌ಗೆ ಇವು ಕಾಣುವುದಿಲ್ಲ.

ಸಿಟೈಮ್ ಇವತ್ತಿನದು, ಎಂಟೈಮ್ ಹಿಂದಿನದು ಅಂದರೆ ಯಾರೋ ಹಳೆಯ ಸಮಯವನ್ನು ಹೊತ್ತು ತಂದಿದ್ದಾರೆ. ಆರ್‌ಸಿಂಕ್ -ಎ, ಸಿಪಿ -ಪಿ, ಟಾರ್. ಆನ್ಸಿಬಲ್‌ನ ಸಿಂಕ್ರೊನೈಸ್ ಮಾಡ್ಯೂಲ್ ಒಳಗೆ ಇರುವುದೂ ಆರ್‌ಸಿಂಕ್, ಅದೂ ಆರ್ಕೈವ್ ಮೋಡ್‌ನಲ್ಲಿ, ನೆನಪಿರಲಿ.

ಆರ್‌ಸಿಂಕ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಗಾತ್ರ ಮತ್ತು ಎಂಟೈಮ್ ಎರಡೂ ಒಂದೇ ಆಗಿದ್ದರೆ ಅದು ಫೈಲನ್ನು ತೆರೆದೂ ನೋಡುವುದಿಲ್ಲ. ಕ್ರಾನ್ ಸಾಲಿನಲ್ಲಿ ಗಂಟೆಯನ್ನು 2ರಿಂದ 3 ಮಾಡಿದಿರಿ ಅಂದುಕೊಳ್ಳಿ. ಒಂದು ಅಂಕಿ ಹೋಗಿ ಒಂದು ಅಂಕಿ ಬಂತು, ಗಾತ್ರ ಒಂದು ಬೈಟ್ ಕೂಡ ಬದಲಾಗಲಿಲ್ಲ. ಈಗ ನಿಮ್ಮ ಪ್ಯಾಕೇಜ್ ಅಥವಾ ಆರ್ಕೈವ್ ತಯಾರಿಸುವ ವ್ಯವಸ್ಥೆ ಎಲ್ಲ ಫೈಲ್‌ಗಳಿಗೂ ಒಂದೇ ನಿಗದಿತ ತಾರೀಖು ಒತ್ತುತ್ತದೆ. ಬಿಲ್ಡ್ ಪ್ರತಿ ಸಲ ಒಂದೇ ರೀತಿ ಬರಲಿ ಅಂತ ಸೋರ್ಸ್ ಡೇಟ್ ಇಪೋಕ್ ಹಾಕಿ ಹೀಗೆ ಮಾಡುವವರು ಜಾಸ್ತಿಯಾಗಿದ್ದಾರೆ, ನಿಕ್ಸ್ ಅನ್ನುವ ಪ್ಯಾಕೇಜ್ ಮ್ಯಾನೇಜರ್ ಅಂತೂ ಎಲ್ಲಕ್ಕೂ 1970ರ ಮೊದಲ ಸೆಕೆಂಡನ್ನೇ ಹಾಕುತ್ತದೆ. ಗಾತ್ರ ಅದೇ, ಎಂಟೈಮ್ ಅದೇ. ಆರ್‌ಸಿಂಕ್ ದಾಟಿ ಹೋಗುತ್ತದೆ. ಫೈಲ್ ಸರ್ವರ್‌ಗೆ ತಲುಪಲೇ ಇಲ್ಲ, ಇನ್ನು ಡೀಮನ್‌ನ ಮಾತೆಲ್ಲಿ? ಇಂಥ ಕಡೆ ಚೆಕ್‌ಸಮ್ ಆಪ್ಷನ್ ಹಾಕಿ. ಕಾನ್ಫಿಗ್ ಫೈಲ್‌ಗಳು ಸಣ್ಣವು, ನಿಧಾನ ಆಗುತ್ತೆ ಅನ್ನುವ ಚಿಂತೆ ಬೇಡ.

ಇದೇ ಕಾರಣಕ್ಕೆ ವೆಬ್ ಸರ್ವರ್ ಎನ್‌ಜಿನ್‌ಎಕ್ಸ್‌ನಲ್ಲಿ ಸ್ಟ್ಯಾಟಿಕ್ ಫೈಲ್ ಇಡುವವರೂ ಹುಷಾರಾಗಿರಬೇಕು. ಅದು ಇಟ್ಯಾಗ್ (ಫೈಲ್‌ನ ಆವೃತ್ತಿಯ ಗುರುತು) ಮಾಡುವುದು ಎಂಟೈಮ್ ಮತ್ತು ಗಾತ್ರದಿಂದ. ಎರಡೂ ಅದೇ ಆದರೆ ಬ್ರೌಸರ್‌ಗೆ 304, ಅಂದರೆ 'ಬದಲಾಗಿಲ್ಲ' ಅನ್ನುವ ಉತ್ತರ ಹೋಗುತ್ತದೆ, ಗ್ರಾಹಕರು ಹಳೆಯ ಪುಟವನ್ನೇ ನೋಡುತ್ತಾರೆ.

ಹೆಜ್ಜೆ 3: ಗಡಿಯಾರ ಸರಿ ಇದೆಯಾ? ಐದೂವರೆ ಗಂಟೆಯ ಗುರುತು

ನಮ್ಮ ದೇಶದಲ್ಲಿ ಒಂದು ಅನುಕೂಲ ಇದೆ. ಟೈಮ್‌ಜೋನ್ ತಪ್ಪು ಆದರೆ ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ ಇರುತ್ತದೆ, ಆ ಅರ್ಧ ಗಂಟೆ ನೋಡಿದ ತಕ್ಷಣ ಕಾರಣ ಗೊತ್ತಾಗಿಬಿಡುತ್ತದೆ.

ಸಾಮಾನ್ಯವಾಗಿ ಆಗುವುದು ಹೀಗೆ. ಯಾರೋ ಸರ್ವರ್‌ನ ಬಯೋಸ್‌ಗೆ ಹೋಗಿ ತಮ್ಮ ಕೈಗಡಿಯಾರ ನೋಡಿ ಬೆಳಿಗ್ಗೆ ಹನ್ನೊಂದು ಅಂತ ಹಾಕಿರುತ್ತಾರೆ. ಲಿನಕ್ಸ್ ಅದನ್ನು ಯುಟಿಸಿ (ಜಾಗತಿಕ ಸಮಯ) ಅಂದುಕೊಳ್ಳುತ್ತದೆ, ನಮ್ಮ ಲೆಕ್ಕದಲ್ಲಿ ಸಂಜೆ ನಾಲ್ಕೂವರೆ. ಬೂಟ್ ಆಗಿ ನೆಟ್‌ವರ್ಕ್ ಬಂದು ಗಡಿಯಾರ ಹೊಂದಿಸುವ ಡೀಮನ್ ಕ್ರೋನಿಡಿ (chronyd) ಸಮಯ ಸರಿಮಾಡುವ ತನಕ ಮಷೀನ್ ಐದೂವರೆ ಗಂಟೆ ಮುಂದಿರುತ್ತದೆ. ಆ ಒಂದೆರಡು ನಿಮಿಷದಲ್ಲೇ ನಿಮ್ಮ ಟೂಲ್‌ನ ಏಜೆಂಟ್ ಎದ್ದು ಫೈಲ್‌ಗಳನ್ನು ಬರೆದುಬಿಟ್ಟರೆ ಅವೆಲ್ಲ ಭವಿಷ್ಯದ ಎಂಟೈಮ್ ಹೊತ್ತು ಕೂರುತ್ತವೆ. ಆಮೇಲೆ ಹೆಜ್ಜೆ 1ರಲ್ಲಿ ಹೇಳಿದ 'ಹೊಸದಾ' ಅನ್ನುವ ಪ್ರಶ್ನೆಗಳಿಗೆಲ್ಲ ಐದೂವರೆ ಗಂಟೆ ತಪ್ಪು ಉತ್ತರ. ಸಂಜೆ ಹೊತ್ತಿಗೆ ತಾನಾಗಿ ಸರಿಹೋಗುತ್ತದೆ, ಯಾರಿಗೂ ಕಾರಣ ತಿಳಿಯುವುದಿಲ್ಲ. ತಾನಾಗಿ ಸರಿಹೋಗುವ ತೊಂದರೆಯೇ ಹೆಚ್ಚು ದಿನ ಕಾಡುವುದು.

ಹುಡುಕಲು ಫೈಂಡ್ ಸಾಕು: /ಇಟಿಸಿ ಮತ್ತು /ವಾರ್/ಸ್ಪೂಲ್ ಮೇಲೆ -ನ್ಯೂಅರ್‌ಎಂಟಿ ನೌ ಅಂತ ಕೊಡಿ, ಈ ಕ್ಷಣಕ್ಕಿಂತ ಮುಂದಿರುವ ಫೈಲ್‌ಗಳೆಲ್ಲ ಬರುತ್ತವೆ. ಪಟ್ಟಿ ಖಾಲಿ ಇರಬೇಕು. ಏನಾದರೂ ಬಂದರೆ ಟೈಮ್‌ಡೇಟ್‌ಸಿಟಿಎಲ್‌ನಲ್ಲಿ ಆರ್‌ಟಿಸಿ (ಬಯೋಸ್ ಗಡಿಯಾರ) ಸಾಲು ನೋಡಿ, ಅಲ್ಲಿ ಯುಟಿಸಿ ಇರಬೇಕು. ಕ್ರೋನಿಸಿ ಟ್ರ್ಯಾಕಿಂಗ್ ಕೂಡ ನೋಡಿ. ಆಮೇಲೆ ಏಜೆಂಟ್‌ನ ಯೂನಿಟ್ ಫೈಲ್‌ನಲ್ಲಿ ಟೈಮ್-ಸಿಂಕ್ ಟಾರ್ಗೆಟ್ ಆದಮೇಲೆ ಮಾತ್ರ ಶುರುವಾಗು ಅಂತ ಬರೆಯಿರಿ. ಬರೆಯುವುದರ ಜೊತೆಗೆ ಕ್ರೋನಿ (ಕ್ರಾನ್‌ನ cronie ಅಲ್ಲ, ಗಡಿಯಾರದ chrony) ಬಳಸುವವರು ಕ್ರೋನಿ-ವೇಟ್ ಸರ್ವಿಸನ್ನೂ ಎನೇಬಲ್ ಮಾಡಬೇಕು, ಇಲ್ಲದಿದ್ದರೆ ಆ ಟಾರ್ಗೆಟ್ ನಿಜವಾದ ಸಿಂಕ್‌ಗೆ ಕಾಯುವುದಿಲ್ಲ.

ಫೈಲ್ ಎನ್‌ಎಫ್‌ಎಸ್ (ನೆಟ್‌ವರ್ಕ್‌ನಲ್ಲಿ ಹಂಚಿದ ಡಿಸ್ಕ್) ಮೇಲಿದ್ದರೆ ಕ್ಲೈಂಟ್ ಮಷೀನ್ ಎಂಟೈಮನ್ನು ಕ್ಯಾಶ್ ಮಾಡಿಕೊಂಡಿರುತ್ತದೆ, ಡಿಫಾಲ್ಟ್‌ನಲ್ಲಿ ಫೈಲ್‌ಗೆ 3ರಿಂದ 60 ಸೆಕೆಂಡ್. ಅಷ್ಟು ಹೊತ್ತು ಹಳೆಯದೇ ಕಾಣಬಹುದು. ಬೇರೆ ಮಷೀನ್ ಮಾಡಿದ ಬದಲಾವಣೆ ಇನೋಟಿಫೈಗೂ ಕಾಣುವುದಿಲ್ಲ. ಡೀಮನ್‌ನ ಕಾನ್ಫಿಗ್ ಎನ್‌ಎಫ್‌ಎಸ್ ಮೇಲೆ ಇಡದಿರುವುದೇ ವಾಸಿ.

ಹೆಜ್ಜೆ 4: ಡೀಮನ್‌ಗೆ ನೀವೇ ಹೇಳಿ, ಹೇಳಿದ್ದು ತಲುಪಿತಾ ಅಂತ ನೋಡಿ

ಇಷ್ಟೆಲ್ಲ ತಿಳಿದಮೇಲೆ ನಾನು ಮಾಡುವುದು ಇಷ್ಟು. ಡೀಮನ್ ತಾನಾಗಿ ಗಮನಿಸುತ್ತದೆ ಅಂತ ಎಲ್ಲೂ ಬಿಡುವುದಿಲ್ಲ. ಫೈಲ್ ಬದಲಾದರೆ ಹ್ಯಾಂಡ್ಲರ್ (ಬದಲಾವಣೆ ಆದಾಗ ಮಾತ್ರ ಓಡುವ ಟಾಸ್ಕ್), ಹ್ಯಾಂಡ್ಲರ್‌ನಲ್ಲಿ ರಿಲೋಡ್. ಆದರೆ ಹ್ಯಾಂಡ್ಲರ್‌ನಲ್ಲೂ ಒಂದು ಹಳ್ಳ ಇದೆ, ಬಹಳ ಜನ ಬೀಳುವುದು ಇಲ್ಲೇ.

ಆನ್ಸಿಬಲ್‌ನಲ್ಲಿ ಹ್ಯಾಂಡ್ಲರ್ ಓಡುವುದು ಪ್ಲೇನ (ಟಾಸ್ಕ್‌ಗಳ ಸರಣಿಯ) ಕೊನೆಯಲ್ಲಿ. ಮೂರನೇ ಟಾಸ್ಕ್ ಫೈಲ್ ಬದಲಾಯಿಸಿತು, ಏಳನೇ ಟಾಸ್ಕ್ ಫೇಲ್ ಆಯಿತು, ಹ್ಯಾಂಡ್ಲರ್ ಓಡಲಿಲ್ಲ. ನೀವು ಏಳನೆಯದನ್ನು ಸರಿಮಾಡಿ ಮತ್ತೆ ಓಡಿಸುತ್ತೀರಿ. ಈ ಸಲ ಮೂರನೇ ಟಾಸ್ಕ್‌ಗೆ ಫೈಲ್ ಸರಿಯಾಗಿಯೇ ಕಾಣುತ್ತದೆ, ಬದಲಾವಣೆ ಇಲ್ಲ, ಹ್ಯಾಂಡ್ಲರ್‌ಗೆ ಕರೆ ಇಲ್ಲ. ಎಲ್ಲ ಹಸಿರು. ಡೀಮನ್ ಮಾತ್ರ ಹಳೆಯ ಕಾನ್ಫಿಗ್‌ನಲ್ಲೇ ತಿಂಗಳುಗಟ್ಟಲೆ ಓಡುತ್ತದೆ. ಮುಖ್ಯವಾದ ಫೈಲ್ ಬರೆದ ತಕ್ಷಣ ಫ್ಲಶ್ ಹ್ಯಾಂಡ್ಲರ್ಸ್ ಹಾಕಿ, ಅಥವಾ ಫೋರ್ಸ್ ಹ್ಯಾಂಡ್ಲರ್ಸ್ ಆಪ್ಷನ್ ಆನ್ ಮಾಡಿಡಿ.

ಇದಕ್ಕೆ ತದ್ವಿರುದ್ಧವಾದ ಕಾಯಿಲೆಯೂ ಇದೆ. ಫೈಲ್ ಮಾಡ್ಯೂಲ್‌ನಲ್ಲಿ ಸ್ಟೇಟ್ ಟಚ್ ಅಂತ ಹಾಕಿದರೆ ಪ್ರತಿ ಸಲವೂ 'ಬದಲಾಯಿತು' ಅಂತಲೇ ಹೇಳುತ್ತದೆ, ಡೀಮನ್ ಪ್ರತಿ ಸಲ ರಿಲೋಡ್ ಆಗುತ್ತದೆ. ಬರೀ ಫೈಲ್ ಇರಲಿ ಅನ್ನುವ ಉದ್ದೇಶವಾದರೆ ಆಕ್ಸೆಸ್ ಟೈಮ್, ಮಾಡಿಫಿಕೇಷನ್ ಟೈಮ್ ಎರಡಕ್ಕೂ ಪ್ರಿಸರ್ವ್ ಕೊಡಿ. ಟೆಂಪ್ಲೇಟ್‌ನ ತಲೆಯಲ್ಲಿ 'ಇಂಥ ದಿನ ಇಷ್ಟು ಗಂಟೆಗೆ ತಯಾರಾಯಿತು' ಅಂತ ಬರೆಯುವ ಚಟ ಇದ್ದರೆ ಇವತ್ತೇ ತೆಗೆಯಿರಿ. ಪಪೆಟ್ ಡಿಫಾಲ್ಟ್‌ನಲ್ಲಿ 30 ನಿಮಿಷಕ್ಕೊಮ್ಮೆ ಓಡುತ್ತದೆ, ಆ ಒಂದು ಸಾಲಿನಿಂದ ನಿಮ್ಮ ಸರ್ವಿಸ್ ದಿನಕ್ಕೆ 48 ಸಲ ಅಲುಗಾಡುತ್ತದೆ.

ತಲುಪಿತಾ ಅಂತ ನೋಡಲು ಸುಲಭದ ಪರೀಕ್ಷೆ: ಸಿಸ್ಟಮ್‌ಸಿಟಿಎಲ್ ಶೋನಿಂದ ಆಕ್ಟಿವ್‌ಎಂಟರ್‌ಟೈಮ್‌ಸ್ಟ್ಯಾಂಪ್ ತೆಗೆಯಿರಿ, ಕಾನ್ಫಿಗ್ ಫೈಲ್‌ನ ಸಿಟೈಮ್ ತೆಗೆಯಿರಿ. ಸರ್ವಿಸ್ ಎದ್ದಮೇಲೆ ಫೈಲ್ ಬಂದಿದ್ದರೆ, ನಡುವೆ ರಿಲೋಡ್ ಆದದ್ದಕ್ಕೆ ಜರ್ನಲ್‌ನಲ್ಲಿ ಸಾಕ್ಷಿ ಇರಲೇಬೇಕು. ಇಲ್ಲದಿದ್ದರೆ ಡೀಮನ್ ಹಳೆಯದನ್ನೇ ಓದಿ ಕೂತಿದೆ. ಎಂಟೈಮ್ ಯಾಕೆ ಬೇಡ ಅಂತ ಈಗ ನಿಮಗೆ ಗೊತ್ತು.

ಆ ಗುರುವಾರ ಮಧ್ಯಾಹ್ನ ಐರೋಲಿಯಲ್ಲಿ ಕೂತು ಇಬ್ಬರೂ ಸೇರಿ ಈ ಪರೀಕ್ಷೆಯನ್ನು ಒಂದು ಸಣ್ಣ ಸ್ಕ್ರಿಪ್ಟ್ ಮಾಡಿದೆವು. ಪಾಳಿ ಮುಗಿದಿದ್ದರೂ ಹುಡುಗ ಮನೆಗೆ ಹೋಗಲಿಲ್ಲ. ಸಿಪಿ ಇದ್ದ ಆ ಟಾಸ್ಕ್ ಕಿತ್ತುಹಾಕಿ /ಇಟಿಸಿ/ಕ್ರಾನ್.ಡಿಗೆ ಟೆಂಪ್ಲೇಟ್ ಹಾಕಿದ್ದು ಅವನೇ, ಹೆಸರಿನಲ್ಲಿ ಚುಕ್ಕಿ ಇಲ್ಲದಂತೆ ನೋಡಿಕೊಂಡದ್ದೂ ಅವನೇ. ಬ್ಯಾಕಪ್ ನಿಜವಾಗಿ ಆಗಿದೆಯಾ ಅಂತ ಬೆಳಿಗ್ಗೆ ಬ್ಯಾಕಪ್ ಫೈಲ್‌ನ ಸಿಟೈಮ್ ನೋಡಿ ಹೇಳುವ ಒಂದು ಅಲರ್ಟ್ ಕೂಡ ಸೇರಿಸಿದೆವು. ಉಳಿದ ಸರ್ವರ್‌ಗಳ ಮೇಲೆಲ್ಲ ಸ್ಕ್ರಿಪ್ಟ್ ಓಡಿಸಿದಾಗ ಇನ್ನೂ ಎರಡು ಸಿಕ್ಕವು: ಒಂದರಲ್ಲಿ ಪೋಸ್ಟ್‌ಫಿಕ್ಸ್‌ನ ಡಿಬಿ ಹಳೆಯದು, ಇನ್ನೊಂದರಲ್ಲಿ ಬಯೋಸ್ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಮುಂದೆ.